ಹೊತ್ತಿದ ರೊಟ್ಟಿ

ನಾನು ಅಕ್ಷರ ಕಲಿತದ್ದು ತಲೆಕೆಳಗಾಗಿ. ಹೀಗೆಂದರೆ ಜನ ನಗುತ್ತಾರೆ, ಮುದುಕಿ ಏನೋ ಮಾತಿಗೆ ಹೇಳುತ್ತಿದ್ದಾಳೆ ಎಂದುಕೊಳ್ಳುತ್ತಾರೆ. ಮಾತಿಗಲ್ಲ, ನಿಜವಾಗಿಯೂ ಹಾಗೆಯೇ ಕಲಿತೆ. ಮೂಡಲಗಿಯ ನಮ್ಮ ಮನೆಯಲ್ಲಿ ಬೆಳಗಾಗುತ್ತಲೇ ಅವ್ವ ರೊಟ್ಟಿ ಬಡಿಯಲು ಕೂಡುತ್ತಿದ್ದಳು. ಅವಳ ಎಡಕ್ಕೆ ಒಲೆ, ಒಲೆಯ ಮೇಲೆ ಕಬ್ಬಿಣದ ಹಂಚು, ಮುಂದೆ ಜೋಳದ ಹಿಟ್ಟಿನ ಪರಾತ. ಪರಾತದ ಆಚೆ ಒಂದು ಊಟದ ಮಣೆ, ಮಣೆಯ ಆಚೆ ನಾನು. ಮಣೆಯ ಮೇಲೆ ಪುಸ್ತಕ ಬಿಚ್ಚಿಟ್ಟು, ಹಾಳೆ ಏಳದಂತೆ ಎರಡೂ ಕಡೆ ನನ್ನ ಹೆಬ್ಬೆರಳು ಒತ್ತಿ ಹಿಡಿಯಬೇಕು. ಅವ್ವನ ಎರಡೂ ಕೈ ಹಿಟ್ಟಾಗಿರುತ್ತಿದ್ದವಲ್ಲ, ಅದಕ್ಕೆ. ಅವಳು ರೊಟ್ಟಿ ಬಡಿಯುತ್ತ ಓದುತ್ತಿದ್ದಳು. ಒಂದು ಪುಟ ಮುಗಿದರೆ 'ಹೂಂ' ಅನ್ನುತ್ತಿದ್ದಳು, ನಾನು ತಿರುವುತ್ತಿದ್ದೆ. ಪುಸ್ತಕ ಅವಳಿಗೆ ನೇರ, ನನಗೆ ತಲೆಕೆಳಗು. ಸಾಲೆಗೆ ಹೋಗುವ ಮೊದಲೇ ನನಗೆ ಅಕ್ಷರಗಳ ಗುರುತು ಸಿಕ್ಕಿತ್ತು, ಆದರೆ ಎಲ್ಲವೂ ಕಾಲು ಮೇಲೆ ಮಾಡಿಕೊಂಡಿದ್ದವು. ಮೊದಲ ವರ್ಷ ಮಾಸ್ತರು ಪುಸ್ತಕ ಕೈಗೆ ಕೊಟ್ಟಾಗ ನಾನು ಅದನ್ನು ತಿರುವಿ ಹಿಡಿದು ಗಟ್ಟಿಯಾಗಿ ಓದತೊಡಗಿದೆ.

"ಏ ಹುಡುಗಿ, ಪುಸ್ತಕ ಸೀದಾ ಹಿಡಿ."

"ಸೀದಾನ ಐತ್ರಿ, ಮಾಸ್ತರ. ನಮ್ಮ ಮನ್ಯಾಗ ಹಿಂಗ ಇರತೈತಿ."

ಆವತ್ತಿನಿಂದ ಸಾಲೆಯಲ್ಲಿ ನನಗೆ ಬಾವಲಿ ಎಂದೇ ಹೆಸರು ಬಿತ್ತು. ಮನೆಗೆ ಬಂದು ಅಳುತ್ತ ಹೇಳಿದರೆ ಅವ್ವ ಹಿಟ್ಟಿನ ಕೈಯನ್ನು ಬಾಯಿಗೆ ಅಡ್ಡ ಹಿಡಿದು ನಕ್ಕಳು, ಮುಂದೆ ತಾನೂ ಹಾಗೆಯೇ ಕರೆಯತೊಡಗಿದಳು. ಅವಳು ಕರೆದರೆ ಮಾತ್ರ ನನಗೆ ಸಿಟ್ಟು ಬರುತ್ತಿರಲಿಲ್ಲ.

ಅವ್ವನ ಹೆಸರು ನೀಲವ್ವ. ತವರು ಹುಕ್ಕೇರಿ. ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆಗೆ ಕೂಡುವ ಮೊದಲೇ ಅವಳ ಮದುವೆ ಮಾಡಿ ಮೂಡಲಗಿಗೆ ಕಳಿಸಿದ್ದರು. ಮೂಡಲಗಿ ಈಗ ತಾಲೂಕಾಗಿದೆ, ಆಗ ಕಬ್ಬು, ಬೆಲ್ಲ, ಧೂಳು ಇಷ್ಟೇ. ನಮ್ಮದು ದೊಡ್ಡ ಮನೆ ಎನ್ನುವುದಕ್ಕಿಂತ ತುಂಬಿದ ಮನೆ ಎನ್ನಬೇಕು. ಬಾಗಿಲು ದಾಟಿದರೆ ಮೊದಲು ದನಗಳು, ಮೆಟ್ಟಿಲು ಏರಿದರೆ ಪಡಸಾಲೆ, ಅದರ ಹಿಂದೆ ಅಡಿಗೆಮನೆ, ಅಡಿಗೆಮನೆಗೆ ಬೆಳಕೆಂದರೆ ಮಾಳಿಗೆಯಲ್ಲಿದ್ದ ಒಂದು ಬೆಳಕಿಂಡಿ. ಅಪ್ಪ, ಅಪ್ಪನ ತಮ್ಮಂದಿರಾದ ಇಬ್ಬರು ಕಾಕಾಗಳು, ಆಯಿ, ನಾವು ಮಕ್ಕಳು, ಹೊಲದ ಆಳುಗಳು ಎಲ್ಲರ ರೊಟ್ಟಿಯೂ ಅವ್ವನ ಅಂಗೈಯಿಂದಲೇ ಬರಬೇಕು. ಆಯಿ ಎಂದರೆ ನಮ್ಮ ಅಪ್ಪನ ತಾಯಿ, ಮನೆಯ ಯಜಮಾನಿ. ಕಾಕಾಗಳು ಅತ್ತಿಗೆಯನ್ನು ಬಾಗಿಲಿನಿಂದಲೇ 'ವೈನೀ, ನೀರ' ಎಂದು ಕೂಗುವರು. ಆಯಿ ಪಡಸಾಲೆಯಿಂದ 'ನೀಲವ್ವಾ, ಮಜ್ಜಿಗಿ' ಎನ್ನುವಳು. ನಾವಂತೂ ಉಸಿರಿಗೊಮ್ಮೆ ಅವ್ವಾ ಎನ್ನುತ್ತಿದ್ದೆವು. ಆಕಳು ಕೂಡ ಅವಳ ಹೆಜ್ಜೆ ಸಪ್ಪಳ ಕೇಳಿದರೆ ಅಂಬಾ ಎನ್ನುತ್ತಿತ್ತು. ಇಷ್ಟೆಲ್ಲ ಕೂಗುಗಳ ನಡುವೆ ಅವಳನ್ನು ಕೂಗದೆ ಇದ್ದದ್ದು ಮಣೆಯ ಮೇಲಿನ ಪುಸ್ತಕ ಒಂದೇ. ಇದು ನನಗೆ ಆಗ ತಿಳಿದಿರಲಿಲ್ಲ, ಮುಂದೆ ಅವಳೇ ಹೇಳಿದಾಗಲೂ ಪೂರ್ತಿ ತಿಳಿಯಲು ಬಹಳ ವರ್ಷ ಬೇಕಾದವು.

ಪುಸ್ತಕ ತರುತ್ತಿದ್ದವನು ಅಪ್ಪ. ಅವನಿಗೆ ಓದುವ ಹವ್ಯಾಸ ಇರಲಿಲ್ಲ. ಬೆಲ್ಲದ ವ್ಯಾಪಾರಕ್ಕೆಂದು ಗೋಕಾಕಕ್ಕೆ ಹೋದಾಗಲೆಲ್ಲ ಅಲ್ಲಿಯ ವಾಚನಾಲಯಕ್ಕೆ ಹೋಗಿ ನಿಂತು, 'ದಪ್ಪಂದು ಕೊಡ್ರಿ' ಎನ್ನುತ್ತಿದ್ದನಂತೆ. ಯಾವುದು, ಯಾರದು ಎಂಬ ವಿಚಾರವೇ ಇಲ್ಲ. ಬೆಲ್ಲದ ಪೆಂಟೆ ನೋಡಿದ ಹಾಗೆ ಕೈಯಲ್ಲಿ ಎತ್ತಿ ತೂಕ ನೋಡಿ ತರುತ್ತಿದ್ದ. ಟಾವೆಲ್ಲಿನಲ್ಲಿ ಸುತ್ತಿ ತಂದು, ಯಾರೂ ಇಲ್ಲದ ಹೊತ್ತು ನೋಡಿ ಅಡಿಗೆಮನೆಯ ಗೋಡೆಯ ಗೂಡಿನಲ್ಲಿ ಇಟ್ಟು, ಬೇರೆ ಎಲ್ಲೋ ನೋಡುತ್ತ ಹೇಳುವನು:

"ತಂದೇನಿ ನೋಡ. ಭಾಳ ದಪ್ಪ ಐತಿ. ಮುಂದಿನ ಸಂತಿತನಕ ಬರತೈತಿ."

ಹೆಂಡತಿಯ ಮೇಲೆ ಪ್ರೀತಿ ತೋರಿಸುವುದಕ್ಕೆ ಆ ಮನೆಯಲ್ಲಿ ಬೇರೆ ಜಾಗವಿರಲಿಲ್ಲ. ಅವ್ವ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು ಹೂಂ ಎಂದಷ್ಟೇ ಹೇಳುವಳು. ಅಪ್ಪ ಅತ್ತ ಹೋದದ್ದೇ ತಡ, ಪುಸ್ತಕವನ್ನು ಮೂಗಿಗೆ ಹಿಡಿದು ವಾಸನೆ ನೋಡುತ್ತಿದ್ದಳು.

ಓದುತ್ತ ಬಡಿದರೆ ರೊಟ್ಟಿ ಹೊತ್ತುತ್ತದೆ. ಹೊತ್ತಲೇಬೇಕು. ಕಥೆ ಸಪ್ಪಗಿದ್ದರೆ ಒಂದೋ ಎರಡೋ, ಕಥೆಯಲ್ಲಿ ಏನಾದರೂ ಅನಾಹುತವಾದರೆ ಸಾಲಾಗಿ ಹೊತ್ತುತ್ತಿದ್ದವು. ಅವ್ವನ ಕೈ ಹಿಟ್ಟಿನ ಮೇಲೆ ಅಲ್ಲಿಗಲ್ಲಿಗೇ ನಿಂತುಬಿಡುವುದು, ಕಣ್ಣು ಹಾಳೆಯ ಮೇಲೆ ಓಡುವುದು, ಹಂಚಿನ ಮೇಲೆ ಹೊಗೆ ಏಳುವುದು. ಪಡಸಾಲೆಯಲ್ಲಿ ಬತ್ತಿ ಹೊಸೆಯುತ್ತ ಕೂತ ಆಯಿಗೆ ಮೊದಲು ವಾಸನೆ ಬಡಿಯುತ್ತಿತ್ತು.

"ನೀಲವ್ವಾ, ಹೊತ್ತಾಕತ್ತೈತಿ."

"ತಗದೆ ಬಿಡ್ರಿ, ಅತ್ತಿ," ಎಂದು ಗಟ್ಟಿಯಾಗಿ ಹೇಳಿ, ನನ್ನ ಕಡೆ ಬಗ್ಗಿ ಮೆಲ್ಲಗೆ, "ಹೊತ್ತಿದ್ರ ಹೊತ್ತಲಿ, ನೀ ತಿರುವು," ಎನ್ನುತ್ತಿದ್ದಳು.

ಹೊತ್ತಿದ ರೊಟ್ಟಿಯನ್ನು ಬುಟ್ಟಿಯ ತಳಕ್ಕೆ ಸೇರಿಸಿಟ್ಟು ಕಡೆಗೆ ತಾನೇ ತಿನ್ನುತ್ತಿದ್ದಳು. ನಾನು ಹೋಗಿ ಅವಳ ತಾಟಿನಿಂದ ಒಂದು ಚೂರು ಮುರಿದುಕೊಳ್ಳುತ್ತಿದ್ದೆ. ಶೇಂಗಾ ಚಟ್ನಿ ಹಚ್ಚಿದ ಆ ಕರಕಲು ರೊಟ್ಟಿಯ ರುಚಿ ನನಗೆ ಇವತ್ತಿಗೂ ಪುಸ್ತಕದ ರುಚಿ. ಆಯಿ ಗೊಣಗುತ್ತಿದ್ದಳೇ ಹೊರತು ಪುಸ್ತಕವನ್ನು ಎತ್ತಿ ಎಸೆದವಳಲ್ಲ. ಯಾಕೆಂದರೆ ಅವಳಿಗೂ ಅದರ ಕಥೆ ಬೇಕಾಗಿತ್ತು.

ಗಂಡಸರು ಹೊಲಕ್ಕೆ ಹೋದ ಮೇಲೆ ಹಿತ್ತಲ ಕಟ್ಟೆಯ ಮೇಲೆ ಹೆಂಗಸರು ಕೂಡುತ್ತಿದ್ದರು. ಅವ್ವ ಜೋಳ ಹಸನು ಮಾಡುವಳು, ಆಯಿ ಕಾಲು ನೀಡಿ ಕೂಡುವಳು, ಬಾಜೂ ಮನೆಯ ಕುರುಬರ ಲಗಮವ್ವ ಉಣ್ಣೆ ನೂಲುತ್ತ ಬರುವಳು. ಅವ್ವ ಬೆಳಗ್ಗೆ ಓದಿದ್ದನ್ನು ಹೇಳುತ್ತಿದ್ದಳು. ಬರೀ ಹೇಳುತ್ತಿರಲಿಲ್ಲ, ಬರೆದವರನ್ನು ಎದುರಿಗೆ ಕೂಡಿಸಿಕೊಂಡು ವಿಚಾರಿಸಿಕೊಳ್ಳುತ್ತಿದ್ದಳು. ಒಂದು ಪುಸ್ತಕದಲ್ಲಿ ಮನೆಗೆ ಹತ್ತು ಮಂದಿ ಬೀಗರು ಬಂದರಂತೆ, ಸೊಸೆ ನಗುನಗುತ್ತ ಕ್ಷಣದಲ್ಲಿ ಅಡಿಗೆ ಮಾಡಿ ಬಡಿಸಿದಳಂತೆ.

"ಇದನ್ನ ಬರದಾಂವ ಎಂದೂ ಒಲಿ ಮುಂದ ಕುಂತಿಲ್ಲ ನೋಡ್ರಿ. ಒಲಿ ಯಾರ ಹಚ್ಚಿದ್ರು? ನೀರ ಯಾರ ತಂದ್ರು? ಎಲ್ಲಾರೂ ಉಂಡ್ರು, ಆಕಿ ಯಾವಾಗ ಉಂಡ್ಲು? ಅದನ್ನ ಬರದೇ ಇಲ್ಲ."

"ಉಂಡಿರಾಕಿಲ್ಲ ಬಿಡ," ಎನ್ನುವಳು ಆಯಿ.

ಇನ್ನೊಂದರಲ್ಲಿ ನಾಯಕ ಮಾತೆತ್ತಿದರೆ ಕಿಟಕಿಯ ಹತ್ತಿರ ನಿಂತು ವಿಚಾರ ಮಾಡುತ್ತಿದ್ದ. ಇವನ ಹೊಲ ಯಾರು ನೋಡುತ್ತಾರೆ ಎಂದು ಲಗಮವ್ವ ಕೇಳಿದಳು. ಹೊಲ ಇಲ್ಲ, ಕುರಿಯೂ ಇಲ್ಲ ಎಂದು ಅವ್ವ ಹೇಳಿದಾಗ, ಹಾಗಿದ್ದರೆ ನಿಲ್ಲಲಿ ಪಾಪ ಎಂದಳು. ಚಂದ್ರನ ವರ್ಣನೆ ಬಂದರೆ ಅವ್ವನ 'ಹೂಂ' ಬೇಗ ಬರುತ್ತಿತ್ತು. ಹಸಿವಿನ ವಿಷಯ ಬಂದರೆ ಬರುತ್ತಲೇ ಇರಲಿಲ್ಲ, ಅದೇ ಪುಟವನ್ನು ಎರಡು ಸಲ ಓದುತ್ತಿದ್ದಳು. ಆದರೆ ಅವ್ವನಿಗೆ ನಿಜವಾದ ಸಿಟ್ಟು ಇದ್ದದ್ದು ಒಂದೇ ವಿಷಯಕ್ಕೆ. ಅವಳು ಓದಿದ ಪುಸ್ತಕಗಳಲ್ಲಿ ತಾಯಂದಿರು ಬೇಗ ಸಾಯುತ್ತಿದ್ದರು.

"ಮಗಾ ದೊಡ್ಡಾಂವ ಆಗಬೇಕಂದ್ರ ಅವ್ವ ಸಾಯಬೇಕಂತ. ಇದ್ರ ಏನ ತ್ರಾಸ ಇತ್ತು ಅವಗ? ಒಂದ ಮೂಲ್ಯಾಗ ಕುಂತ ರೊಟ್ಟಿ ಬಡಕೊಂಡ ಇರತಿದ್ಲಲ್ಲ."

ಹೀಗೆ ಹೇಳುವಾಗ ಅವಳ ದನಿ ಒಡೆಯುತ್ತಿತ್ತು. ಓದುವಾಗಲೂ ಎಷ್ಟೋ ಸಲ ಕಣ್ಣಿಂದ ನೀರು ಇಳಿಯುತ್ತಿತ್ತು. ಏನವ್ವಾ ಎಂದರೆ, 'ಹೊಗಿ' ಎನ್ನುತ್ತಿದ್ದಳು. ಹತ್ತಿ ಕಟ್ಟಿಗೆಯ ಹೊಗೆಗೆ ಎಲ್ಲ ತಪ್ಪನ್ನೂ ಹೊರಿಸುವುದು ನಮ್ಮ ಮನೆಯ ರೂಢಿ.

ನಾನು ನಾಲ್ಕನೆಯ ಇಯತ್ತೆಯಲ್ಲಿದ್ದಾಗ ಅಪ್ಪ ಒಂದು ಬಹಳ ದಪ್ಪ ಪುಸ್ತಕ ತಂದ. ಅದರ ಹೆಸರು ಹೇಳುವುದಿಲ್ಲ. ಹೇಳಿದರೆ ನೀವು ಹುಡುಕಿ ಓದುತ್ತೀರಿ, ಅವ್ವ ಓದಿದ ಪುಸ್ತಕ ಅದಲ್ಲ. ಶಾರದೆ ಎಂಬ ವಿಧವೆ, ಊರು ಬಿಟ್ಟು ಪೇಟೆಗೆ ಬಂದು, ಹಪ್ಪಳ ಮಾಡಿ ಮಾರುತ್ತ ಮಗನನ್ನು ಓದಿಸುತ್ತಾಳೆ. ಅಷ್ಟರಲ್ಲಿ ಅವಳಿಗೆ ಜ್ವರ ಹಿಡಿಯುತ್ತದೆ. ಹಿತ್ತಲ ಕಟ್ಟೆಯಲ್ಲಿ ಎಲ್ಲರಿಗೂ ಶಾರದೆಯದೇ ಧ್ಯಾನ. ಲಗಮವ್ವ ಕುರಿ ಅಟ್ಟುವುದನ್ನು ಮಗನಿಗೆ ಒಪ್ಪಿಸಿ ಬರತೊಡಗಿದಳು. ಶಾರದೆ ಸಾಯುತ್ತಾಳೆ ಎಂದು ಆಯಿ, ಉಳಿಯುತ್ತಾಳೆ ಎಂದು ಲಗಮವ್ವ. ಅವ್ವ ಮಾತ್ರ ನಾಳೆ ಓದಿ ಹೇಳುತ್ತೇನೆ ಎನ್ನುತ್ತಿದ್ದಳು.

ಅದೇ ದಿನಗಳಲ್ಲಿ ಮನೆಯಲ್ಲಿ ಸಣ್ಣಪುಟ್ಟವು ಆಗುತ್ತಿದ್ದವು. ಅವ್ವನ ಭುಜ ಬಾಗಿಲ ಚೌಕಟ್ಟಿಗೆ ತಾಗುತ್ತಿತ್ತು. ಬಾಜೂಕ್ಕೆ ಇಟ್ಟ ತಂಬಿಗೆಯನ್ನು ಕಾಲಿನಿಂದ ಉರುಳಿಸುತ್ತಿದ್ದಳು. ಕೆಲಸದ ಗಡಿಬಿಡಿ ಎಂದು ಯಾರೂ ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ನನಗೆ ಬೇರೆಯೇ ಒಂದು ಸಂಗತಿ ಕಾಣತೊಡಗಿತ್ತು. ಅವಳ 'ಹೂಂ' ಬದಲಾಗಿತ್ತು. ಮೊದಲು ಅದು ಬಂದಾಗ ಬರುತ್ತಿತ್ತು, ಒಮ್ಮೆ ಬೇಗ, ಒಮ್ಮೆ ತಡ. ಈಗ ಒಂದು ರೊಟ್ಟಿ ಇಳಿಸಿದರೆ ಒಂದು 'ಹೂಂ', ಇನ್ನೊಂದು ಇಳಿಸಿದರೆ ಇನ್ನೊಂದು. ಕೈ ಎಲ್ಲಿಯೂ ನಿಲ್ಲುತ್ತಿರಲಿಲ್ಲ. ರೊಟ್ಟಿಗಳು ಬೆಳ್ಳಗೆ, ದುಂಡಗೆ ಏಳುತ್ತಿದ್ದವು. ಶಾರದೆಗೆ ಜ್ವರ ನೆತ್ತಿಗೇರಿದ ದಿನ ಕೂಡ ಒಂದೂ ಹೊತ್ತಲಿಲ್ಲ.

ಒಂದು ಬೆಳಗ್ಗೆ ನಾನು ಮಣೆಯ ಮೇಲೆ ಪುಸ್ತಕ ಬಿಚ್ಚುವಾಗ ಅದನ್ನು ನನ್ನ ಕಡೆಗೆ ತಿರುವಿ ಇಟ್ಟೆ. ನನಗೆ ಬೇಕಾಗಿದ್ದುದು ಅವ್ವನ ಒಂದು ಬೈಗುಳ. 'ಏ ಬಾವಲಿ, ಸೀದಾ ಇಡ' ಎಂದು ಅವಳು ಅಂದಿದ್ದರೆ ಸಾಕಾಗಿತ್ತು, ನಾನು ಕುಣಿದಾಡಿಬಿಡುತ್ತಿದ್ದೆ. ಅವ್ವ ಹಾಳೆಯ ಮೇಲೆ ಕಣ್ಣಿಟ್ಟಳು. ತುಟಿ ಸ್ವಲ್ಪ ಅಲುಗಿದವು. ರೊಟ್ಟಿ ಬಡಿದಳು, ಹಂಚಿಗೆ ಹಾಕಿದಳು, ನೀರಿನ ಅರಿವೆ ಸವರಿದಳು, ಮಗುಚಿದಳು, ಇಳಿಸಿದಳು.

"ಹೂಂ."

ನಾನು ತಿರುವಿದೆ. ಜನ್ಮದಲ್ಲಿ ಮೊದಲ ಸಲ ಆ ಮಣೆಯ ಮೇಲೆ ಪುಸ್ತಕ ನನಗೆ ನೇರವಾಗಿತ್ತು, ಒಂದಕ್ಷರವೂ ಓದಲಾಗಲಿಲ್ಲ. ನನ್ನ ಕಣ್ಣು ತುಂಬಿಹೋಗಿದ್ದವು. ಬುಟ್ಟಿ ತುಂಬುವವರೆಗೂ ಅವಳು ಹೂಂ ಎನ್ನುತ್ತಲೇ ಇದ್ದಳು, ನಾನು ತಿರುವುತ್ತಲೇ ಇದ್ದೆ. ಆ ದಿನ ಹಿತ್ತಲ ಕಟ್ಟೆಯಲ್ಲಿ ಶಾರದೆಯ ಜ್ವರ ಇಳಿಯಿತು. ಅವಳು ಎದ್ದು ಕೂತಳು, ಗಂಜಿ ಕುಡಿದಳು, ಮಗನನ್ನು ಕಾಲೇಜಿಗೆ ಕಳಿಸಿದಳು. ಮನೆಯಲ್ಲಿ ಯಾರೂ ಇಲ್ಲದ್ದರಿಂದ ಪೇಟೆಯ ಬೀದಿಯಲ್ಲಿ ನಡೆಯುತ್ತ ಹೋಗಿ ಒಂದು ವಾಚನಾಲಯ ಹೊಕ್ಕಳು. ಅಲ್ಲಿ ಒಂದು ದೊಡ್ಡ ಮೇಜು, ಮೇಲೆ ತಿರುಗುವ ಪಂಖಾ. ಶಾರದೆ ಕೂತು ಓದತೊಡಗಿದಳು. ಹೊತ್ತು ಇಳಿಯಿತು, ದೀಪ ಹಚ್ಚಿದರು, ಯಾರೂ ಅವಳನ್ನು ಕರೆಯಲಿಲ್ಲ.

"ಉಳದ್ಲಲ್ಲವಾ ತಾಯಿ," ಎಂದು ಲಗಮವ್ವ ನೂಲು ಬಿಟ್ಟು ಕೈ ಮುಗಿದಳು. ಆಯಿ ಸೊಸೆಯ ಮುಖವನ್ನೇ ನೋಡುತ್ತ ಕೂತಿದ್ದಳು.

ಎಲ್ಲರೂ ಎದ್ದ ಮೇಲೆ ಅವ್ವ ನನ್ನ ಕೈ ಹಿಡಿದು ಬಾವಿಯ ಕಡೆ ಕರೆದುಕೊಂಡು ಹೋದಳು.

"ಪುಸ್ತಕ ತಿರುವಿ ಇಟ್ಟಿದ್ದಿ, ಹೌದಲ್ಲ? ಅಳೂದು ಕೇಳಿಸ್ತು ನನಗ."

"ಯಾವಾಗಿಂದ ಕಾಣವಲ್ಲವು ಅವ್ವಾ?"

"ಶಾರದಾಗ ಜ್ವರ ಬಂತಲ್ಲ, ಅಲ್ಲೀತನಕ ಕಂಡಾವ. ಆಮ್ಯಾಲ ಎಲ್ಲಾ ಮಬ್ಬ. ಸುದ್ದಿ ಎತ್ತಬ್ಯಾಡ ಮಗಳ. ಎತ್ತಿದ್ರ ಪುಸ್ತಕದ ಮ್ಯಾಲ ಹಾಕ್ತಾರ. ಓದಿ ಓದಿ ಹಿಂಗಾತು ಅಂತಾರ."

ಕಣ್ಣು ಹೋಗುತ್ತಿರುವ ಹೆಂಗಸು ಪುಸ್ತಕದ ಮೇಲೆ ತಪ್ಪು ಬರಬಾರದೆಂದು ಮುಚ್ಚಿಡುತ್ತಿದ್ದಳು. ಸುದ್ದಿ ಎತ್ತುವ ಕೆಲಸ ನನಗೆ ಬರಲಿಲ್ಲ. ಆ ಮಧ್ಯಾಹ್ನವೇ, ಅಪ್ಪ ಮತ್ತು ಕಾಕಾಗಳು ಉಣ್ಣಲು ಕೂತಾಗ, ಆಯಿ ಕಂಬಕ್ಕೆ ಒರಗಿ ಕೂತಲ್ಲಿಂದಲೇ ಮಗನಿಗೆ ಹೇಳಿದಳು:

"ಬಸಪ್ಪಾ, ನಾಳಿ ನೀಲವ್ವನ್ನ ಬೆಳಗಾವಿಗಿ ಕರಕೊಂಡ ಹೋಗು. ಆಕಿ ಕಣ್ಣ ಕಾಣವಲ್ಲವು."

ಪಲ್ಯ ಬಡಿಸುತ್ತಿದ್ದ ಅವ್ವನ ಕೈ ನಿಂತಿತು. ಅಪ್ಪ ತುತ್ತು ಕೈಯಲ್ಲೇ ಹಿಡಿದು ಅವಳನ್ನೂ ಆಯಿಯನ್ನೂ ನೋಡಿದ.

"ಏನಂತಿ ಯವ್ವಾ? ದಿನಾ ಓದಾಕತ್ತಾಳಲ್ಲ."

"ಎಲ್ಲೀ ಓದೂದು? ಓದಾಕತ್ತಿದ್ರ ರೊಟ್ಟಿ ಹೊತ್ತತಿದ್ದುವು. ಅಮಾಸಿ ಹೋಗಿ ಹುಣ್ಣಿವಿ ಬಂತು, ಒಂದ ರೊಟ್ಟಿ ಹೊತ್ತಿಲ್ಲ ಈ ಮನ್ಯಾಗ."

ಅಷ್ಟು ವರ್ಷ ಹೊತ್ತಿದ ರೊಟ್ಟಿಗೆ ಗೊಣಗಿದವಳು, ಹೊತ್ತದ ರೊಟ್ಟಿ ಕಂಡು ಹೆದರಿದ್ದಳು. ಬೆಳ್ಳನೆಯ ರೊಟ್ಟಿ ತಾಟಿಗೆ ಬಿದ್ದಾಗಲೆಲ್ಲ ಅವಳು ಮಗುಚಿ ಮಗುಚಿ ನೋಡುತ್ತಿದ್ದದ್ದು ನನಗೆ ಆಗ ನೆನಪಾಯಿತು. ನಮಗೆ ಗೊತ್ತಿಲ್ಲದ ಹಾಗೆ ಉಪ್ಪಿನ ಗಡಿಗೆಯನ್ನು ಅವ್ವನ ಬಲಗೈ ಹತ್ತಿರ ಸರಿಸಿ ಇಟ್ಟವಳೂ ಅವಳೇ. ಆಗ ಸಣ್ಣ ಕಾಕಾ ರೊಟ್ಟಿ ಮುರಿಯುತ್ತ ಅಂದ:

"ನಾ ಮೊದಲ ಅಂದಿದ್ದೆ. ಹಗಲೆಲ್ಲ ಪುಸ್ತಕದಾಗ ಮಾರಿ ಹಾಕಿದ್ರ ಕಣ್ಣ ಉಳಿತಾವೇನು?"

"ಹೊಗಿಗಿ ಹೋಗ್ಯಾವು," ಎಂದಳು ಆಯಿ. "ನಿಮಗೆಲ್ಲಾ ರೊಟ್ಟಿ ಬಡದು ಹೋಗ್ಯಾವು. ತಿಂದೀರಿಲ್ಲ ನೀವು?"

ಆಮೇಲೆ ಊರಿನಲ್ಲಿ ಯಾರು ಕೇಳಿದರೂ ಆಯಿ ಇದನ್ನೇ ಹೇಳಿದಳು. ಸಾಯುವವರೆಗೂ ಹೇಳಿದಳು. ಪುಸ್ತಕದ ಹೆಸರು ಎತ್ತಲು ಒಬ್ಬರಿಗೂ ಬಿಡಲಿಲ್ಲ.

ಬೆಳಗಾವಿಯ ಡಾಕ್ಟರು ಹೊಗೆಯೂ ಅಲ್ಲ, ಪುಸ್ತಕವೂ ಅಲ್ಲ ಎಂದರು. ಕಣ್ಣಿನೊಳಗೆ ಒತ್ತಡ ಏರಿ ನರ ಒಣಗಿದೆ, ಈ ರೋಗದಲ್ಲಿ ಬಾಜೂದ ನೋಟ ಮೊದಲು ಹೋಗುತ್ತದೆ, ಎದುರಿನದು ಕಡೆಗೆ ಹೋಗುತ್ತದೆ, ಹೋದದ್ದು ತಿರುಗಿ ಬರುವುದಿಲ್ಲ ಎಂದರು. ಮೊದಲೇ ಬಂದಿದ್ದರೆ ಎಂದು ಏನೋ ಹೇಳಲು ಹೋಗಿ ಅಪ್ಪನ ಮುಖ ನೋಡಿ ಚೀಟಿ ಬರೆಯತೊಡಗಿದರು. ನನ್ನನ್ನೂ ಕರೆದುಕೊಂಡು ಹೋಗಿದ್ದರು. ತಿರುಗಿ ಬರುವಾಗ ಬಸ್ಸಿನಲ್ಲಿ ನಾನು ಅವ್ವನ ತೊಡೆಗೆ ಒರಗಿ ಕೂತಿದ್ದೆ. ಗೋಕಾಕ ದಾಟಿದ ಮೇಲೆ ಅವ್ವ ಅಪ್ಪನಿಗೆ ಹೇಳಿದಳು:

"ಬಾಗಲಾ ತಾಗತಿತ್ತು, ಖರೆ. ಆದ್ರ ಪುಸ್ತಕ ಕಾಣತಿತ್ತಲ್ರಿ. ಪುಸ್ತಕ ಕಾಣೂತನಕ ಕಣ್ಣ ಚೊಲೊ ಅದಾವಂತ ತಿಳಕೊಂಡಿದ್ದೆ."

ಅಪ್ಪ ಟಾವೆಲ್ಲಿನಿಂದ ಮುಖ ಮುಚ್ಚಿಕೊಂಡ. ಪುಸ್ತಕ ಸುತ್ತಿ ತರುತ್ತಿದ್ದ ಅದೇ ಟಾವೆಲ್ಲು. ಮುಂದಿನ ಸಲ ಗೋಕಾಕಕ್ಕೆ ಹೋದಾಗ ನಾನು ಓದುವ ಮೊದಲೇ ಶಾರದೆಯ ಪುಸ್ತಕವನ್ನು ತಿರುಗಿ ಕೊಟ್ಟುಬಂದ, ಮತ್ತೆ ದಪ್ಪ ಪುಸ್ತಕವೊಂದನ್ನು ತಂದ. ಅದು ಅವನ ಹಟವೋ ದುಃಖವೋ ತಿಳಿಯದು. ಗೂಡಿನಲ್ಲಿಟ್ಟು, ಈ ಸಲ ನೇರ ನನ್ನನ್ನು ನೋಡಿ, ಅವ್ವಗ ನೀ ಓದು ಎಂದ.

ಓದಿದೆ. ಮಣೆಯ ಆಚೆ ಅದೇ ಜಾಗದಲ್ಲಿ ಕೂತು, ಪುಸ್ತಕವನ್ನು ನನಗೆ ನೇರ ಇಟ್ಟುಕೊಂಡು, ಮಾಸ್ತರು ಕಲಿಸಿದ ರಾಗದಲ್ಲಿ ಗಟ್ಟಿಯಾಗಿ ಓದಿದೆ. ಎಷ್ಟೋ ದಿನ ಓದಿದೆ. ಅವ್ವ ರೊಟ್ಟಿ ಬಡಿಯುತ್ತ ಕೇಳುತ್ತಿದ್ದಳು. ಕಣ್ಣು ಹೋದರೂ ಅವಳ ಅಂಗೈಗೆ ಒಲೆ, ಹಂಚು, ಹಿಟ್ಟು ಎಲ್ಲ ಗೊತ್ತಿದ್ದವು. ವಾಸನೆಯಿಂದಲೇ ರೊಟ್ಟಿ ಬೆಂದದ್ದು ತಿಳಿಯುತ್ತಿತ್ತು. ಒಂದೂ ಹೊತ್ತುತ್ತಿರಲಿಲ್ಲ. ನಾನು ಒಳ್ಳೆಯ ಜಾಗ ಬಂದಾಗ ದನಿ ಏರಿಸಿ, ಕೈ ನಿಲ್ಲುತ್ತದೆಯೇ ಎಂದು ಓರೆಗಣ್ಣಿನಿಂದ ನೋಡುತ್ತಿದ್ದೆ. ಕೈ ನಿಲ್ಲುತ್ತಿರಲಿಲ್ಲ. ಸತ್ತರೂ ಅತ್ತರೂ ಅದು ಒಂದೇ ಸಮ ಬಡಿಯುತ್ತಿತ್ತು. ಕಡೆಗೊಂದು ದಿನ ಪುಸ್ತಕ ಮುಚ್ಚಿ ಕೇಳಿದೆ.

"ಅವ್ವಾ, ನಿನಗ ಕತಿ ಸೇರವಲ್ದೇನು?"

"ಸೇರತೈತಿ. ನೀ ಚೊಲೊ ಓದ್ತಿ."

"ಮತ್ತ?"

ಅವಳು ಹಿಟ್ಟಿನ ಮೇಲೆ ಅಂಗೈ ಊರಿದಳು.

"ಬೆಳಗಾದ್ರ ಎಲ್ಲಾರ ದನಿ ಕೇಳ್ತೀನಿ, ಮಗಳ. ನಿಮ್ಮಪ್ಪಂದು, ಆಯೀದು, ನಿಮ್ಮೆಲ್ಲಾರದು. ಪುಸ್ತಕಕ್ಕ ದನೀನ ಇರಲಿಲ್ಲ. ಒಬ್ಬಾಕೀನ ಹೋಗತಿದ್ದೆ, ಒಬ್ಬಾಕೀನ ಬರತಿದ್ದೆ. ಈಗ ಅಲ್ಲಿಗೂ ನೀ ಕೈ ಹಿಡಕೊಂಡ ಒಯ್ಯಾಕತ್ತಿ. ನಿನ್ನ ತಪ್ಪಲ್ಲ ಅದು."

ನನಗೆ ಆ ಮಾತು ಪೂರ್ತಿ ತಿಳಿಯಲಿಲ್ಲ, ಆದರೆ ಮರುದಿನದಿಂದ ಅವ್ವ ಪುಸ್ತಕ ಬೇಡ ಎಂದಳು. ಮಣೆ ಗೋಡೆಗೆ ಒರಗಿತು. ಅಪ್ಪ ಗೋಕಾಕದಿಂದ ಬರಿಗೈಯಲ್ಲಿ ಬರತೊಡಗಿದ. ಹಿತ್ತಲ ಕಟ್ಟೆಗೆ ಲಗಮವ್ವ ಬಂದು ಸ್ವಲ್ಪ ಹೊತ್ತು ಕೂತು, ಕುರಿ ಮಳೆ ಮಾತಾಡಿ ಎದ್ದು ಹೋಗುತ್ತಿದ್ದಳು. ಆಯಿ ತನ್ನ ಕಡೆಯ ದಿನಗಳಲ್ಲಿ, ಹಾಲಿನಲ್ಲಿ ನೆನೆಸಿ ತಿನ್ನಿಸುವ ರೊಟ್ಟಿಯನ್ನು ಮೊದಲು ಕೈಗೆ ತೆಗೆದುಕೊಂಡು ಹಿಂದೆ ಮುಂದೆ ನೋಡಿ, ಕಪ್ಪು ಕಾಣದೆ, ಕಣ್ಣು ಒರೆಸಿಕೊಳ್ಳುತ್ತಿದ್ದಳು. ಅವ್ವನ ಕೈಯಲ್ಲಿ ಮತ್ತೆ ಎಂದೂ ರೊಟ್ಟಿ ಹೊತ್ತಲಿಲ್ಲ.

ನನ್ನನ್ನು ಅವ್ವನ ತವರಾದ ಹುಕ್ಕೇರಿಗೇ ಕೊಟ್ಟರು. ಅಲ್ಲಿಯೇ ಸಾಲೆಯಲ್ಲಿ ಕಲಿಸುವ ನೌಕರಿ ಸಿಕ್ಕಿತು, ಮಕ್ಕಳಾದವು, ನನ್ನನ್ನೂ ಎಲ್ಲರೂ ಕೂಗತೊಡಗಿದರು. ಅಡಿಗೆಮನೆಯಲ್ಲಿ ನಿಂತು ಒಂದು ಕೈಯಲ್ಲಿ ಸೌಟು, ಒಂದು ಕೈಯಲ್ಲಿ ಪುಸ್ತಕ ಹಿಡಿದಾಗ ಅವ್ವನ ಮಾತು ಸ್ವಲ್ಪ ಸ್ವಲ್ಪವೇ ತಿಳಿಯಿತು. ಅಷ್ಟು ಮಂದಿ ತುಂಬಿದ ಮನೆಯಲ್ಲಿ, ಯಾರೂ ಬರಲಾರದ ಕೋಣೆಯೊಂದು ಅವಳಿಗೆ ಆ ಹೊಗೆಯಲ್ಲಿ ಇತ್ತು, ಅದು ಹೋಯಿತು. ನಾನು ಓದುತ್ತೇನೆ ಎಂದು ಹೋಗಿ ಅದರ ಬಾಗಿಲಲ್ಲಿ ನಿಂತದ್ದಷ್ಟೇ. ನಿವೃತ್ತಿಯಾದ ಮೇಲೆ ಒಂದು ದಿನ ಹುಕ್ಕೇರಿಯ ವಾಚನಾಲಯದಲ್ಲಿ ಎಲ್ಲಿಗೋ ಹೋಗುವ ಬಸ್ಸಿನ ಹೊತ್ತಾಗಲಿ ಎಂದು ಕೂತವಳ ಕೈಗೆ ಒಂದು ಹಳೆಯ ದಪ್ಪ ಪುಸ್ತಕ ಬಂತು. ಶಾರದೆ, ಹಪ್ಪಳ, ಮಗ, ಜ್ವರ. ಬಸ್ಸು ಹೋದದ್ದೂ ತಿಳಿಯಲಿಲ್ಲ. ಜ್ವರ ಬಂದ ಮೂರನೆಯ ಪುಟಕ್ಕೆ ಶಾರದೆ ಸತ್ತಿದ್ದಳು. ಉಳಿದ ಅಷ್ಟೂ ದಪ್ಪ ಪುಸ್ತಕ ಮಗ ದೊಡ್ಡವನಾದ ಕಥೆ.

ಆ ಪುಸ್ತಕವನ್ನು ಮನೆಗೆ ಪಡೆದುಕೊಂಡು, ಎರಡು ದಿನ ಬಿಟ್ಟು, ಮೂಡಲಗಿಯ ಬಸ್ಸು ಹತ್ತಿದೆ. ಅವ್ವ ಆಗ ಹಾಸಿಗೆ ಹಿಡಿದಿದ್ದಳು. ತಮ್ಮ, ಅವನ ಹೆಂಡತಿ ಸುವರ್ಣಾ ಚೆನ್ನಾಗಿಯೇ ನೋಡಿಕೊಳ್ಳುತ್ತಿದ್ದರು. ನಾನು ಹೋದಾಗ ಬೆಳಗಿನ ರೊಟ್ಟಿಯ ಹೊತ್ತು. ಸುವರ್ಣಾ ಒಳಗೆ ಗ್ಯಾಸಿನ ಮುಂದೆ ನಿಂತು ಬೇಯಿಸುತ್ತಿದ್ದಳು, ಅವ್ವ ಪಡಸಾಲೆಯಲ್ಲಿ ದಿಂಬಿಗೆ ಒರಗಿ ಕೂತಿದ್ದಳು. ಪುಸ್ತಕವನ್ನು ಅವಳ ಕೈಯಲ್ಲಿಟ್ಟೆ. ಅವಳು ತೂಕ ನೋಡಿದಳು, ಮೂಗಿಗೆ ಹಿಡಿದಳು.

"ಶಾರದಾಂದೇನು?"

"ಹೌದವ್ವಾ."

"ಓದಿದೇನು?"

"ಓದೀನಿ."

ಅವಳು ಮುಂದೆ ಕೇಳುತ್ತಾಳೆ, ಹೇಳಬೇಕೋ ಬೇಡವೋ ಎಂದು ದಾರಿಯುದ್ದಕ್ಕೂ ಲೆಕ್ಕ ಹಾಕಿಕೊಂಡು ಬಂದಿದ್ದೆ. ಸುಳ್ಳು ಹೇಳುವುದೆಂದೇ ನಿರ್ಧಾರ ಮಾಡಿದ್ದೆ. ಅವಳು ಕೇಳಲಿಲ್ಲ. ನನ್ನ ಮುಖ ಇರುವ ಕಡೆ ಕೈ ಎತ್ತಿ, ಸಾಕು ಎನ್ನುವ ಹಾಗೆ ಅಲ್ಲಾಡಿಸಿದಳು.

"ಹೇಳಬ್ಯಾಡ. ನಿನ್ನ ದನ್ಯಾಗ ತಿಳೀತು." ಪುಸ್ತಕವನ್ನು ನನ್ನ ಕಡೆ ಚಾಚಿ ಅಂದಳು, "ಮಣಿ ಐತೇನು ಇನ್ನಾ? ತಗೊಂಡ ಬಾ. ಹಿಡಿ."

ಮಣೆ ದೇವರ ಕೋಣೆಯಲ್ಲಿತ್ತು. ತಂದು ನಮ್ಮಿಬ್ಬರ ನಡುವೆ ಇಟ್ಟು, ಪುಸ್ತಕ ಬಿಚ್ಚಿ, ಅವಳಿಗೆ ನೇರ ಮಾಡಿ, ಎರಡೂ ಕಡೆ ಹೆಬ್ಬೆರಳು ಒತ್ತಿ ಕೂತೆ. ಅಕ್ಷರಗಳೆಲ್ಲ ಮತ್ತೆ ನನಗೆ ಕಾಲು ಮೇಲೆ ಮಾಡಿಕೊಂಡವು. ನಾನು ಬಾಯಿ ಬಿಡಲಿಲ್ಲ. ಅವ್ವ ತಲೆ ಬಗ್ಗಿಸಿ ಹಾಳೆಯ ಮೇಲೆ ಕಣ್ಣಿಟ್ಟಳು. ಬಹಳ ಹೊತ್ತಿನ ಮೇಲೆ 'ಹೂಂ' ಎಂದಳು, ತಿರುವಿದೆ. ಆಮೇಲಿನದು ಬೇಗ ಬಂತು. ಅದರ ಆಮೇಲಿನದು ಬರಲೇ ಇಲ್ಲ. ಅವಳ ತುಟಿ ಅಲುಗುತ್ತಿದ್ದವು, ಒಮ್ಮೆ ನಕ್ಕಳು, ಒಮ್ಮೆ ಕಣ್ಣಿಂದ ನೀರು ಇಳಿದು ಹಾಳೆಯ ಮೇಲೆ ಬಿತ್ತು. ಅವಳು ಎಲ್ಲಿದ್ದಳೋ ನನಗೆ ಗೊತ್ತಿಲ್ಲ, ನಾನು ಅಲ್ಲಿ ಇರಲಿಲ್ಲ. ಇದೇನು ನಡೆದಿದೆ ಎಂದು ನೋಡಲು ಸುವರ್ಣಾ ಬಾಗಿಲಿಗೆ ಬಂದವಳು ಅಲ್ಲಿಯೇ ನಿಂತುಬಿಟ್ಟಿದ್ದಳು. ಅವಳ ಹಿಂದಿನಿಂದ ಸಣ್ಣಗೆ ಹೊಗೆ ಬಂತು, ವಾಸನೆ ಬಂತು. ಅಯ್ಯೋ ಎಂದು ಅವಳು ಒಳಗೆ ಓಡಿದಳು. ನನ್ನ ಬೆರಳು ಹಾಳೆಯ ಮೇಲೆ ಸಡಿಲವಾಯಿತು. ಅವ್ವ ತಲೆ ಎತ್ತಲಿಲ್ಲ.

"ಹೊತ್ತಿದ್ರ ಹೊತ್ತಲಿ," ಎಂದಳು. "ನೀ ತಿರುವು."